ಎದೆಯುರಿಗೆ ಆಪರೇಷನ್: ಮುದ್ದೆ ನುಂಗೋದು ಯಾವಾಗ, ಮೂಟೆ ಎತ್ತೋದು ಯಾವಾಗ?

ಪ್ರಶ್ನೆ: ನನಗೆ 48 ವರ್ಷ. ಊರು ಹಾಸನದ ಕಡೆ, ಬೆಂಗಳೂರಲ್ಲಿ ಸಣ್ಣ ಬೇಕರಿ ಇಟ್ಟುಕೊಂಡಿದ್ದೇನೆ. ಒಂಬತ್ತು ವರ್ಷದಿಂದ ಎದೆಯುರಿ, ಹುಳಿತೇಗು. ಮೊದಲು ದಿನಕ್ಕೊಂದು ಪ್ಯಾಂಟೊಪ್ರಜೋಲ್ 40 ಸಾಕಾಗುತ್ತಿತ್ತು. ಈಗ ಎರಡು ನುಂಗಿದರೂ ರಾತ್ರಿ ಹುಳಿನೀರು ಗಂಟಲಿಗೆ ಬಂದು, ಕೆಮ್ಮುತ್ತಾ ಎದ್ದು ಕೂರುತ್ತೇನೆ. ಎಂಡೋಸ್ಕೋಪಿಯಲ್ಲಿ ‘ಹಯಾಟಸ್ ಹರ್ನಿಯಾ 4 ಸೆಂ.ಮೀ., ಅನ್ನನಾಳದಲ್ಲಿ ಗ್ರೇಡ್ ಸಿ ಹುಣ್ಣು’ ಅಂತ ಬಂದಿದೆ. ಲ್ಯಾಪರೋಸ್ಕೋಪಿ ಆಪರೇಷನ್ ಮಾಡಿಸಿ ಅಂದರು. ನಮ್ಮ ಭಾವಮೈದ, ‘ಆಮೇಲೆ ಜೀವನಪೂರ್ತಿ ತೇಗೋಕೂ ಆಗಲ್ಲ, ವಾಂತಿ ಮಾಡೋಕೂ ಆಗಲ್ಲ’ ಅಂತಾನೆ. ಪಕ್ಕದ ಅಂಗಡಿಯವರು, ‘ಮಾತ್ರೆ ತಿಂದು ಕಿಡ್ನಿ ಹಾಳು ಮಾಡಿಕೊಳ್ಳೋದಕ್ಕಿಂತ ಕೊಯ್ಸಿಕೊಳ್ಳೋದೇ ವಾಸಿ’ ಅಂತಾರೆ. ಊರಲ್ಲಿ ಒಬ್ಬರು ಹೊಟ್ಟೆ ಉಜ್ಜಿ ಸರಿ ಮಾಡ್ತೀನಿ ಅಂದರು. ದಿನಾ 50 ಕೆ.ಜಿ. ಮೈದಾ ಮೂಟೆ ಎತ್ತುವವನು ನಾನು. ಮುದ್ದೆ ಇಲ್ಲದಿದ್ದರೆ ಊಟ ಸೇರಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯ ಇವೆ. ಆಪರೇಷನ್ ಮಾಡಿಸಿದರೆ ಏನಾಗುತ್ತೋ ಅನ್ನೋದು ಒಂದು, ಮಾಡಿಸದಿದ್ದರೆ ಏನಾಗುತ್ತೋ ಅನ್ನೋದು ಇನ್ನೊಂದು. ಮೂರನೆಯದು ಅಂಗಡಿ ಮತ್ತು ಊಟದ್ದು. ನನ್ನ ಅನುಭವದಲ್ಲಿ ಜನ ಜಾಸ್ತಿ ಒದ್ದಾಡುವುದು ಈ ಮೂರನೆಯದರಲ್ಲಿ. ಆಪರೇಷನ್ ಥಿಯೇಟರಿನ ಒಂದೂವರೆ ಎರಡು ಗಂಟೆ ನಮ್ಮ ತಲೆನೋವು. ಅದಕ್ಕೆ ಮುಂಚಿನ ಒಂದೆರಡು ತಿಂಗಳು, ಆಮೇಲಿನ ಮೂರು ತಿಂಗಳು ನಿಮ್ಮವು. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಮೊದಲು ಒಳಗೆ ಏನಾಗಿದೆ ಅಂತ ನೋಡೋಣ. ಎದೆಗೂಡಿಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಮಾಂಸದ ಪರದೆ ಇದೆ. ಅನ್ನನಾಳ ಅದರಲ್ಲಿರುವ ಒಂದು ಕಂಡಿಯ ಮೂಲಕ ಇಳಿದು ಜಠರ ಸೇರುತ್ತದೆ. ಸೇರುವ ಜಾಗದಲ್ಲಿ ಎರಡು ಬೀಗ. ಅನ್ನನಾಳದ ತುದಿಯ ಬಿಗಿಯಾದ ಸ್ನಾಯು ಒಂದು, ಅದನ್ನು ಹೊರಗಿನಿಂದ ಹಿಂಡಿ ಹಿಡಿಯುವ ವಪೆಯ ಕಂಡಿ ಇನ್ನೊಂದು. ಎರಡೂ ಒಂದೇ ಜಾಗದಲ್ಲಿದ್ದರೆ ಬಾಗಿಲು ಭದ್ರ. ವಯಸ್ಸು, ಹೊಟ್ಟೆಯ ಬೊಜ್ಜು, ವರ್ಷಗಟ್ಟಲೆ ಭಾರ ಎತ್ತುವುದು, ಮಲಬದ್ಧತೆಯಲ್ಲಿ ತಿಣುಕುವುದು, ನಿಲ್ಲದ ಕೆಮ್ಮು ಇವೆಲ್ಲ ಸೇರಿ ಕಂಡಿ ಸಡಿಲವಾಗುತ್ತದೆ. ಜಠರದ ಮೇಲ್ತುದಿ ಅದರಲ್ಲಿ ನುಸುಳಿ ಎದೆಯ ಕಡೆ ಏರುತ್ತದೆ. ಇದೇ ಹಯಾಟಸ್ ಹರ್ನಿಯಾ. ನಿಮಗೆ ಏರಿರುವುದು 4 ಸೆಂ.ಮೀ. ಈಗ ಒಂದು ಬೀಗ ಮೇಲೆ, ಒಂದು ಕೆಳಗೆ. ಮಲಗಿದ ತಕ್ಷಣ ಒಳಗಿದ್ದದ್ದು ಗಂಟಲ ಕಡೆ ಹರಿಯುತ್ತದೆ.

ಇಲ್ಲೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಪ್ಯಾಂಟೊಪ್ರಜೋಲ್ ತರದ ಮಾತ್ರೆ ಬಾಗಿಲು ಹಾಕುವುದಿಲ್ಲ. ಬರುವ ನೀರಿನ ಹುಳಿ ತೆಗೆಯುತ್ತದೆ, ಅಷ್ಟೇ. ಉರಿ ಕಡಿಮೆಯಾಗುತ್ತದೆ, ಹುಣ್ಣು ಮಾಯುತ್ತದೆ, ಆದರೆ ನೀರು ಬರುವುದು ನಿಲ್ಲುವುದಿಲ್ಲ. ಅದಕ್ಕೇ ಎರಡು ಮಾತ್ರೆ ನುಂಗಿಯೂ ರಾತ್ರಿ ಎದ್ದು ಕೂರುತ್ತಿದ್ದೀರಿ.

ಹೊಟ್ಟೆ ಉಜ್ಜುವವರ ಮಾತಿಗೆ ಬರೋಣ. ‘ಬಟ್ಟಿ ಜಾರಿದೆ’ ಅಂತ ಉಜ್ಜಿಸಿಕೊಂಡು ಬಂದವರನ್ನು ವಾರಕ್ಕೊಬ್ಬರಾದರೂ ನೋಡುತ್ತೇನೆ. ಈ ಹರ್ನಿಯಾ ಇರುವುದು ಪಕ್ಕೆಲುಬಿನ ಹಿಂದೆ, ಹೃದಯದ ಕೆಳಗೆ. ಯಾರ ಕೈಯೂ ಅಲ್ಲಿಗೆ ಮುಟ್ಟುವುದಿಲ್ಲ. ಮುಟ್ಟಿ ಕೆಳಗೆ ಎಳೆದರೂ ಕಂಡಿ ಸಡಿಲವಾಗೇ ಇರುತ್ತಲ್ಲ, ಮತ್ತೆ ಏರುತ್ತದೆ. ತೊಡೆಸಂದಿನ ಹರ್ನಿಯಾಕ್ಕೆ ಕಟ್ಟುವ ಬೆಲ್ಟ್ ಇದಕ್ಕೆ ಇನ್ನೂ ಕೆಟ್ಟದ್ದು. ಹೊಟ್ಟೆ ಬಿಗಿದಷ್ಟೂ ನೀರು ಮೇಲೇರುತ್ತದೆ.

ಕಿಡ್ನಿ ಭಯಕ್ಕೆ ಸ್ವಲ್ಪ ಆಧಾರ ಇದೆ, ಆದರೆ ಅದು ಉಬ್ಬಿಹೋಗಿದೆ. ಈ ಮಾತ್ರೆಯಿಂದ ಕಿಡ್ನಿಗೆ ಅಲರ್ಜಿ ತರದ ಉರಿಯೂತ ಆಗಬಹುದು, ಅಪರೂಪಕ್ಕೆ. ವರ್ಷಗಟ್ಟಲೆ ತಿಂದವರಲ್ಲಿ ಬಿ12, ಮೆಗ್ನೀಸಿಯಂ ಇಳಿಯಬಹುದು, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. 2019ರಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. 17,598 ಜನರಲ್ಲಿ ಅರ್ಧ ಜನಕ್ಕೆ ಪ್ಯಾಂಟೊಪ್ರಜೋಲ್ 40, ಉಳಿದರ್ಧಕ್ಕೆ ಔಷಧವೇ ಇಲ್ಲದ ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಗಮನಿಸಿದ್ದರು. ಸ್ಪಷ್ಟವಾಗಿ ಜಾಸ್ತಿ ಕಂಡದ್ದು ಕರುಳಿನ ಸೋಂಕು ಮಾತ್ರ, ಅದೂ ನೂರಕ್ಕೆ 1.4, ಇನ್ನೊಂದು ಗುಂಪಿನಲ್ಲಿ 1. ಕಿಡ್ನಿ ಕಾಯಿಲೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮಾತ್ರೆಯ ಹೆದರಿಕೆಯೊಂದಕ್ಕೇ ಆಪರೇಷನ್ ಟೇಬಲ್ ಹತ್ತಬೇಡಿ. ಅದು ಸರಿಯಾದ ಕಾರಣವಲ್ಲ.

ಮಾತ್ರೆಯನ್ನು ಯಾವಾಗ ನುಂಗುತ್ತೀರಿ ಅಂತ ನೀವು ಬರೆದಿಲ್ಲ. ಊಟ ಆದ ಮೇಲೆ, ಮಲಗುವಾಗ ಅಂತಾದರೆ ಅರ್ಧ ಪ್ರಯೋಜನ ಅಲ್ಲೇ ಹೋಯಿತು. ತಿಂಡಿಗೆ ಅರ್ಧ ಗಂಟೆ ಮುಂಚೆ ಒಂದು, ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು. ಬೇಕರಿಯವರು ಷಟರ್ ಎಳೆದು ಹತ್ತೂವರೆಗೆ ಹೊಟ್ಟೆ ತುಂಬಾ ಉಂಡು ಹನ್ನೊಂದಕ್ಕೆ ಮಲಗುತ್ತೀರಿ, ಅಲ್ವಾ? ಎಂಟು ಗಂಟೆಗೆ ಅಂಗಡಿಯಲ್ಲೇ ಊಟ ಮುಗಿಸಿ. ಮಂಚದ ತಲೆಭಾಗದ ಕಾಲಿನಡಿ ಇಟ್ಟಿಗೆ ಕೊಟ್ಟು ಆರೆಂಟು ಇಂಚು ಎತ್ತರಿಸಿ. ಎರಡು ದಿಂಬು ಹಾಕಿದರೆ ಕತ್ತಷ್ಟೇ ಬಗ್ಗುತ್ತದೆ, ಹೊಟ್ಟೆ ಇನ್ನೂ ಮಡಚುತ್ತದೆ. ಎಡಮಗ್ಗುಲಲ್ಲಿ ಮಲಗಿ. ಎರಡು ತಿಂಗಳು ಇಷ್ಟು ಮಾಡಿ, ಎಂಡೋಸ್ಕೋಪಿ ಇನ್ನೊಮ್ಮೆ ಮಾಡಿಸಿ. ಗ್ರೇಡ್ ಸಿ ಅಂದರೆ ನಾಲ್ಕು ಹಂತಗಳಲ್ಲಿ ಮೂರನೆಯದು. ಹುಣ್ಣು ಮಾಯಿತಾ, ಅದರಡಿ ಅನ್ನನಾಳದ ಒಳಪದರದಲ್ಲಿ ‘ಬ್ಯಾರೆಟ್’ ಅನ್ನುವ ಬದಲಾವಣೆ ಅಡಗಿದೆಯಾ ಅಂತ ನೋಡಲೇಬೇಕು. ಅದಿದ್ದರೆ ಮುಂದೆ ಕ್ಯಾನ್ಸರ್ ಸಾಧ್ಯತೆ ಸ್ವಲ್ಪ ಜಾಸ್ತಿ. ಆಪರೇಷನ್ ಮಾಡಿಸಿದರೂ ಆಗಾಗ ಎಂಡೋಸ್ಕೋಪಿ ತಪ್ಪುವುದಿಲ್ಲ.

ಮೂಟೆ ಎತ್ತುವಾಗ ಎದೆ ಹಿಂಡಿದಂತಾದರೆ, ಅದು ಗ್ಯಾಸ್ಟ್ರಿಕ್ ಅಂತ ನೀವೇ ತೀರ್ಮಾನಿಸಬೇಡಿ. 48ರ ವಯಸ್ಸಿನಲ್ಲಿ ಮೊದಲು ಹೃದಯ ನೋಡಿಸಿಕೊಳ್ಳಬೇಕು.

ಹಾಗಾದರೆ ಆಪರೇಷನ್ ಬೇಕಾ? ತುರ್ತೇನಿಲ್ಲ. ನಿಮ್ಮದು ಜಾರುವ ತರದ ಹರ್ನಿಯಾ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನಕ್ಕೆ ಇರುವುದು ಇದೇ. ಜಠರ ಪಕ್ಕದಿಂದ ನುಗ್ಗಿ ತಿರುಚಿಕೊಳ್ಳುವ ಇನ್ನೊಂದು ಜಾತಿ ಅಪಾಯದ್ದು, ಅದು ನಿಮಗಿಲ್ಲ. ಆದರೆ ಸರಿಯಾಗಿ ಮಾತ್ರೆ ತೆಗೆದುಕೊಂಡ ಮೇಲೂ ರಾತ್ರಿ ನೀರು ಗಂಟಲಿಗೆ ಬಂದು ಕೆಮ್ಮುತ್ತಿದ್ದರೆ, ಆಪರೇಷನ್ನಿನಿಂದ ಜಾಸ್ತಿ ಲಾಭ ಆಗುವುದು ನಿಮ್ಮಂಥವರಿಗೇ. ನಿಮ್ಮ ವೈದ್ಯರು ಹೇಳಿದ್ದು ತಪ್ಪಲ್ಲ. ಬಾಯಿಂದಲೇ ಎಂಡೋಸ್ಕೋಪ್ ಇಳಿಸಿ ಬಿಗಿ ಮಾಡುವ ವಿಧಾನವೂ ಬಂದಿದೆ. 2 ಸೆಂ.ಮೀ. ದಾಟಿದ ಹರ್ನಿಯಾಕ್ಕೆ ಅದೊಂದೇ ಸಾಲದು. ನಿಮ್ಮ ತೂಕ ತುಂಬಾ ಜಾಸ್ತಿ ಇದ್ದು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 35 ದಾಟಿದ್ದರೆ ಲೆಕ್ಕವೇ ಬೇರೆ. ಆಗ ತೂಕ ಇಳಿಸುವ ಬೈಪಾಸ್ ಆಪರೇಷನ್ನಿನಿಂದ ಎರಡೂ ಒಟ್ಟಿಗೆ ಸರಿಹೋಗಬಹುದು. ಜಠರವನ್ನು ಕೊಳವೆಯಂತೆ ಸಣ್ಣ ಮಾಡುವ ಸ್ಲೀವ್ ಆಪರೇಷನ್ ಮಾತ್ರ ಬೇಡ. ಅದು ಹುಳಿನೀರನ್ನು ಹೆಚ್ಚಿಸುತ್ತದೆ.

ಆಪರೇಷನ್ ಅಂದರೆ ಇಷ್ಟು. ಹೊಟ್ಟೆಗೆ ಐದು ಸಣ್ಣ ತೂತು. ಮೇಲೇರಿದ ಜಠರವನ್ನು ಕೆಳಗೆಳೆದು, ಅನ್ನನಾಳದ ತುದಿಯ ಎರಡು ಮೂರು ಸೆಂ.ಮೀ. ಹೊಟ್ಟೆಯೊಳಗೆ ನಿಲ್ಲುವಂತೆ ಮಾಡುತ್ತೇವೆ. ಅಗಲವಾದ ಕಂಡಿಗೆ ಹೊಲಿಗೆ ಹಾಕುತ್ತೇವೆ. ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಮಫ್ಲರ್ ಹಾಗೆ ಸುತ್ತಿ ಹೊಲಿಯುತ್ತೇವೆ. ರುಡಾಲ್ಫ್ ನಿಸ್ಸೆನ್ ಅನ್ನುವ ಸರ್ಜನ್ 1955ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇದನ್ನು ಮೊದಲು ಮಾಡಿದ್ದು. ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿದಾಗ 1948ರಲ್ಲಿ ಅದಕ್ಕೆ ಸೆಲ್ಲೋಫೇನ್ ಸುತ್ತಿದವರೂ ಇವರೇ, ಸುತ್ತುವುದರಲ್ಲಿ ಪಳಗಿದ ಕೈ! ನಿಸ್ಸೆನ್ ಪೂರ್ತಿ ಸುತ್ತು ಸುತ್ತಿದರು. 1963ರಲ್ಲಿ ಫ್ರಾನ್ಸಿನ ಟೂಪೆ, ಹಿಂದಿನಿಂದ ತಂದು ಮುಂದೆ ಸ್ವಲ್ಪ ಜಾಗ ಬಿಡುವ ಸುತ್ತನ್ನು ತೋರಿಸಿದರು. ಲ್ಯಾಪರೋಸ್ಕೋಪಿಯಲ್ಲಿ ಮಾಡುವುದು 1991ರಿಂದ ಬಂತು. ಪೂರ್ತಿ ಸುತ್ತಿದರೆ ನುಂಗುವ ತೊಂದರೆ, ಹೊಟ್ಟೆಯುಬ್ಬರ ಸ್ವಲ್ಪ ಜಾಸ್ತಿ. ಮುಕ್ಕಾಲು ಸುತ್ತು ಹುಳಿನೀರನ್ನು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ತಡೆಯುತ್ತದೆ. ನಾನು ಬಹುತೇಕ ಜನಕ್ಕೆ ಮುಕ್ಕಾಲೇ ಸುತ್ತುತ್ತೇನೆ. ಪೂರ್ತಿಯೇ ಮೇಲು ಅನ್ನುವ ಒಳ್ಳೆಯ ಸರ್ಜನ್‌ಗಳೂ ಇದ್ದಾರೆ. ನಿಮ್ಮವರು ಯಾವುದು ಮಾಡುತ್ತಾರೆ, ಯಾಕೆ ಅಂತ ಕೇಳಿ. ವರ್ಷಕ್ಕೆ ಎಷ್ಟು ಮಾಡುತ್ತೀರಿ ಅಂತಲೂ ಕೇಳಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಮಾಡಿಸಿಕೊಳ್ಳಬೇಡಿ.

ಈಗ ನನಗೆ ಮುಖ್ಯ ಅನಿಸುವ ಮಾತು. ನಿಮ್ಮ ಪತ್ರದಲ್ಲಿ ಎಂಡೋಸ್ಕೋಪಿ ಇದೆ, ಮ್ಯಾನೊಮೆಟ್ರಿ ಇಲ್ಲ. ಮೂಗಿನಿಂದ ತೆಳ್ಳನೆಯ ನಳಿಗೆ ಇಳಿಸಿ, ನೀರು ಗುಟುಕರಿಸುವಾಗ ಅನ್ನನಾಳ ಹೇಗೆ ಹಿಂಡುತ್ತದೆ ಅಂತ ಅಳೆಯುವ ಪರೀಕ್ಷೆ ಅದು. ಅರ್ಧ ಗಂಟೆ ಕಿರಿಕಿರಿ, ಅಷ್ಟೇ. ಅದಿಲ್ಲದೆ ಯಾಕೆ ಮುಂದುವರಿಯಬಾರದು ಅಂದರೆ, ಒಮ್ಮೆ ಒಬ್ಬ ಹೆಣ್ಣುಮಗಳು ಬೇರೆ ಕಡೆ ಈ ಆಪರೇಷನ್ ಮಾಡಿಸಿಕೊಂಡು ಎರಡು ತಿಂಗಳಾದ ಮೇಲೆ ನಮ್ಮಲ್ಲಿಗೆ ಬಂದರು. ನೀರೂ ಇಳಿಯುತ್ತಿರಲಿಲ್ಲ. ಅವರಿಗೆ ಇದ್ದದ್ದು ಅಕಲೇಸಿಯಾ. ಅನ್ನನಾಳದ ತುದಿ ತೆರೆಯದೇ ಇರುವ ಕಾಯಿಲೆ. ತಿಂದದ್ದು ಒಳಗೇ ನಿಂತು, ಕೊಳೆತು, ಹುಳಿಯಾಗಿ ಬಾಯಿಗೆ ಬರುತ್ತಿತ್ತು. ಹೇಳಿಕೊಳ್ಳುವಾಗ ಅದೂ ‘ಎದೆಯುರಿ, ಹುಳಿನೀರು’ ಅಂತಲೇ ಆಗುತ್ತದೆ. ಮುಚ್ಚಿಹೋದ ಬಾಗಿಲಿಗೆ ಇನ್ನೊಂದು ಬೀಗ ಜಡಿದಂತಾಗಿತ್ತು. ಎಲ್ಲ ಬಿಚ್ಚಿ ಮತ್ತೆ ಮಾಡಬೇಕಾಯಿತು. ಜೊತೆಗೆ ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇಯನ್ನೂ ಮಾಡಿಸಿಕೊಳ್ಳಿ. 24 ಗಂಟೆಯ ಆಸಿಡ್ ಪರೀಕ್ಷೆ, ಎಂಡೋಸ್ಕೋಪಿಯಲ್ಲಿ ಏನೂ ಕಾಣದವರಿಗೆ ಕಡ್ಡಾಯ. ನಿಮಗೆ ಗ್ರೇಡ್ ಸಿ ಹುಣ್ಣೇ ಸಾಕ್ಷಿ ಇರುವುದರಿಂದ ಅದು ಬೇಡವಾಗಬಹುದು.

ತಯಾರಿ ಅಂದರೆ ಜನ ರಕ್ತಪರೀಕ್ಷೆ, ಇಸಿಜಿ ಅಂತ ತಿಳಿಯುತ್ತಾರೆ. ಅವನ್ನು ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ. ನೀವು ಮಾಡಬೇಕಾದ್ದು ಬೇರೆ. ಬೀಡಿ ಸಿಗರೇಟು ಇದ್ದರೆ ಕನಿಷ್ಠ ಒಂದು ತಿಂಗಳು ಮುಂಚೆ ಬಿಡಿ. ಆಪರೇಷನ್ ಆದ ಮೇಲೆ ಒಂದು ಜೋರು ಕೆಮ್ಮು ಹೊಸ ಹೊಲಿಗೆಯನ್ನು ಎಳೆಯುತ್ತದೆ. ಮಲಬದ್ಧತೆ ಇದ್ದರೆ ಈಗಲೇ ಸರಿಮಾಡಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದರೆ ಹಿಡಿತಕ್ಕೆ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಬಾಯಿಬಿಟ್ಟು ಹೇಳಿ, ನೀವಾಗೇ ನಿಲ್ಲಿಸಬೇಡಿ. ಮೂರು ಗುಂಡಿನ ಉಸಿರಾಟದ ಸಾಮಾನು ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಉಸಿರೆಳೆದು ಗುಂಡು ಏರಿಸುವುದನ್ನು ಅಭ್ಯಾಸ ಮಾಡಿ. ಇನ್ನೊಂದು, ನಿಧಾನವಾಗಿ ಅಗಿದು ತಿನ್ನುವುದನ್ನು ಈಗಿನಿಂದಲೇ ಕಲಿಯಿರಿ. ಅಂಗಡಿಯವರು ನಿಂತುಕೊಂಡೇ ಎರಡು ನಿಮಿಷದಲ್ಲಿ ತಟ್ಟೆ ಖಾಲಿ ಮಾಡುತ್ತಾರೆ. ಆ ಚಾಳಿ ಆಪರೇಷನ್ ಆದ ಮರುದಿನ ಬಿಡುತ್ತೇನೆ ಅಂದರೆ ಬಿಡುವುದಿಲ್ಲ.

ಎಚ್ಚರವಾದಾಗ ಭುಜ ನೋಯುತ್ತದೆ. ಹೊಟ್ಟೆಗೆ ಕೊಯ್ದರೆ ಭುಜ ಯಾಕೆ ಅಂತ ಗಾಬರಿಯಾಗಬೇಡಿ. ಹೊಟ್ಟೆ ಉಬ್ಬಿಸಲು ತುಂಬಿದ ಗಾಳಿ ವಪೆಯನ್ನು ಕೆಣಕಿರುತ್ತದೆ, ಆ ನರದ ನೋವು ಭುಜದಲ್ಲಿ ಕಾಣುತ್ತದೆ. ಓಡಾಡಿದರೆ ಎರಡು ಮೂರು ದಿನಕ್ಕೆ ಹೋಗುತ್ತದೆ. ಓಕರಿಕೆ ಬಂದರೆ ತಕ್ಷಣ ನರ್ಸನ್ನು ಕರೆಯಿರಿ, ತಡೆದುಕೊಂಡು ಕೂರಬೇಡಿ. ಮೊದಲ ದಿನಗಳ ವಾಂತಿಯಷ್ಟು ಹೊಲಿಗೆ ಕೆಡಿಸುವುದು ಬೇರೊಂದಿಲ್ಲ. ಸಾಮಾನ್ಯವಾಗಿ ಒಂದೆರಡು ರಾತ್ರಿ ಕಳೆದು ಮನೆಗೆ.

ಊಟಕ್ಕೆ ಬರೋಣ. ಸುತ್ತಿದ ಜಾಗ ಬಾತುಕೊಂಡಿರುತ್ತದೆ, ನುಂಗುವಾಗ ಸಿಕ್ಕಿದಂತಾಗುತ್ತದೆ. ಎಲ್ಲರಿಗೂ ಆಗುತ್ತದೆ. ಬಹಳ ಜನಕ್ಕೆ ಆರರಿಂದ ಹನ್ನೆರಡು ವಾರದಲ್ಲಿ ಹೋಗುತ್ತದೆ. ಮೊದಲ ವಾರ ಬರೀ ನೀರಾದದ್ದು: ಸೋಸಿದ ರಾಗಿ ಗಂಜಿ, ಬೇಳೆ ಕಟ್ಟು, ಖಾರವಿಲ್ಲದ ತಿಳಿಸಾರು, ಮಜ್ಜಿಗೆ, ಎಳನೀರು. ಆಮೇಲೆ ಮೂರು ನಾಲ್ಕು ವಾರ, ಚಮಚದಿಂದ ಒತ್ತಿದರೆ ಮುದ್ದೆಯಾಗದೆ ಕರಗುವಂಥದ್ದು. ಮಜ್ಜಿಗೆಯಲ್ಲಿ ಹಿಸುಕಿದ ಮೆತ್ತನೆ ಅನ್ನ, ಸಾಂಬಾರಲ್ಲಿ ಪೂರ್ತಿ ನೆನೆದ ಇಡ್ಲಿ, ತೆಳ್ಳಗಿನ ಪೊಂಗಲ್, ಪಪ್ಪಾಯ, ಮೆತ್ತಗೆ ಬೇಯಿಸಿದ ಮೊಟ್ಟೆ. ದಿನಕ್ಕೆ ಆರು ಸಲ, ಪ್ರತಿ ಸಲ ಒಂದು ಸಣ್ಣ ಬಟ್ಟಲು. ನಾಲ್ಕೈದು ಕೆ.ಜಿ. ಇಳಿಯುತ್ತೀರಿ, ಮನೆಯವರು ಗಾಬರಿಯಾಗುತ್ತಾರೆ, ಆಗಲಿ. ದೊಡ್ಡ ಮಾತ್ರೆಗಳನ್ನು ಪುಡಿ ಮಾಡಬಹುದಾ, ಬದಲಿಗೆ ಸಿರಪ್ ಇದೆಯಾ ಅಂತ ಡಿಸ್ಚಾರ್ಜ್ ದಿನವೇ ಕೇಳಿಕೊಳ್ಳಿ.

ಕೊನೆಗೆ ಮುಟ್ಟಬೇಕಾದ ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರುವುದು ನಿಮ್ಮ ಬಂಡವಾಳವೇ: ಬನ್ನು, ಬ್ರೆಡ್ಡು. ಬಾಯಲ್ಲಿ ಮೆತ್ತಗೆ ಅನಿಸುತ್ತದೆ, ಅನ್ನನಾಳದಲ್ಲಿ ನೆನೆದು ಬಿರಡೆಯಾಗುತ್ತದೆ. ಒಣ ಚಪಾತಿ, ಮಟನ್ ತುಂಡು ಕೂಡ ಅದೇ ಸಾಲಿನವು. ಮುದ್ದೆ ಬಗ್ಗೆ ನೇರವಾಗಿ ಹೇಳುತ್ತೇನೆ. ನಮ್ಮ ಕಡೆ ಮುದ್ದೆ ಅಗಿಯುವುದಿಲ್ಲ, ನುಂಗುತ್ತೇವೆ. ಈ ಆಪರೇಷನ್ ಆದವರಿಗೆ ಆ ನುಂಗುವುದೇ ತೊಂದರೆ. ರಾಗಿಯ ಮೇಲೆ ನನಗೇನೂ ಕೋಪವಿಲ್ಲ, ಗಂಜಿ ಅಂಬಲಿ ಎರಡನೆಯ ದಿನದಿಂದಲೇ ಕುಡಿಯಿರಿ. ಮುದ್ದೆಗೆ ಮೂರು ತಿಂಗಳು ಕಾಯಿರಿ. ಆಮೇಲೆ ಮೆತ್ತಗೆ ಕಟ್ಟಿಸಿ, ಕಡಲೆಕಾಳಿನಷ್ಟು ಮುರಿದು, ಸಾರಿನಲ್ಲಿ ಜಾರಿಸಿ. ಆರು ತಿಂಗಳಿಗೆ ನನ್ನ ಹತ್ತಿರದ ಬಹುತೇಕ ಜನ ಮೊದಲಿನಂತೆ ಉಣ್ಣುತ್ತಾರೆ, ತುತ್ತು ಮಾತ್ರ ಚಿಕ್ಕದಾಗಿರುತ್ತದೆ.

ಏನಾದರೂ ಸಿಕ್ಕಿಕೊಂಡರೆ ಮೇಲಿಂದ ನೀರು ಸುರಿಯಬೇಡಿ, ಗಂಟಲಿಗೆ ಬೆರಳು ಹಾಕಬೇಡಿ. ತಿನ್ನುವುದು ನಿಲ್ಲಿಸಿ ಎದ್ದು ಓಡಾಡಿ, ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಉಗುಳೂ ಇಳಿಯದೆ ಬಾಯಿಗೆ ಬರುತ್ತಿದ್ದರೆ ಆಸ್ಪತ್ರೆಗೆ ಹೊರಡಿ. ಜ್ವರ, ಹೆಚ್ಚುತ್ತಾ ಹೋಗುವ ಎದೆನೋವು ಹೊಟ್ಟೆನೋವು, ಏದುಸಿರು, ಎದೆ ಬಡಿತ ಜೋರಾಗುವುದು, ಒಂದೇ ಕಾಲಿನ ಮೀನಖಂಡ ಊದುವುದು, ಇವು ಬೆಳಗಾಗುವವರೆಗೂ ಕಾಯುವಂಥವಲ್ಲ.

ನಿಮ್ಮ ಭಾವಮೈದ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಮೊದಲ ವಾರಗಳಲ್ಲಿ ತೇಗು ಬರುವುದಿಲ್ಲ. ಎಷ್ಟೋ ಜನಕ್ಕೆ ತಿಂಗಳು ಕಳೆದಂತೆ ಸಣ್ಣದಾಗಿ ಬರತೊಡಗುತ್ತದೆ, ಕೆಲವರಿಗೆ ಕೊನೆಗೂ ಸರಿಯಾಗಿ ಬರುವುದಿಲ್ಲ. ಮೇಲೆ ಹೋಗದ ಗಾಳಿ ಕೆಳಗೆ ಹೋಗುತ್ತದೆ. ಹೂಸು ಜಾಸ್ತಿಯಾಗುತ್ತದೆ, ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಜನ ನನ್ನ ಮೇಲೆ ಸಿಟ್ಟಾಗುತ್ತಾರೆ. ಗೋಲಿ ಸೋಡಾ, ಕೂಲ್‌ಡ್ರಿಂಕ್ಸ್, ಈನೋ ಬಿಡಿ. ಸೋಡಾ ಕುಡಿದು ತೇಗಿದರೆ ಹಗುರ ಅನ್ನುವ ಲೆಕ್ಕ ಇನ್ನು ನಡೆಯುವುದಿಲ್ಲ. ಗಾಳಿ ಒಳಗೇ ಕೂತು ಹೊಟ್ಟೆ ತಮಟೆಯಾಗುತ್ತದೆ. ವಾಂತಿಯೂ ಹಲವರಿಗೆ ಕಷ್ಟ. ಊಟ ಕೆಟ್ಟು ಸುಮ್ನೆ ಓಕರಿಸುತ್ತಲೇ ಇದ್ದರೆ, ‘ನನಗೆ ಈ ಆಪರೇಷನ್ ಆಗಿದೆ’ ಅಂತ ಹೇಳಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ತೆಗೆದುಕೊಳ್ಳಿ.

ಎಷ್ಟು ವರ್ಷ ಬಾಳುತ್ತದೆ? ಸ್ವೀಡನ್ನಿನಲ್ಲಿ ಲ್ಯಾಪರೋಸ್ಕೋಪಿ ಮಾಡಿಸಿಕೊಂಡ 2,655 ಜನರ ದಾಖಲೆ ನೋಡಿ 2017ರಲ್ಲಿ ಪ್ರಕಟಿಸಿದರು. ಸರಾಸರಿ ಐದು ವರ್ಷದಲ್ಲಿ ನೂರಕ್ಕೆ 17.7 ಜನಕ್ಕೆ ತೊಂದರೆ ಮರಳಿತ್ತು. ಅವರಲ್ಲಿ ಬಹುಪಾಲು ಜನ ಮತ್ತೆ ಮಾತ್ರೆಗೆ ಹೋದರು, ಕೆಲವರಷ್ಟೇ ಎರಡನೇ ಆಪರೇಷನ್ನಿಗೆ. ಯುರೋಪಿನ ಇನ್ನೊಂದು ಅಧ್ಯಯನದಲ್ಲಿ ಐದು ವರ್ಷ ಕಳೆದಾಗ ಆಪರೇಷನ್ ಆದವರಲ್ಲಿ ನೂರಕ್ಕೆ 85, ಮಾತ್ರೆ ಸರಿಯಾಗಿ ತಿಂದವರಲ್ಲಿ 92 ಜನಕ್ಕೆ ತೊಂದರೆ ಹಿಡಿತದಲ್ಲಿತ್ತು. ಹುಳಿನೀರು ಬಾಯಿಗೆ ಬರುವುದು ಮಾತ್ರ ಆಪರೇಷನ್ ಗುಂಪಿನಲ್ಲೇ ತೀರಾ ಕಡಿಮೆ. ‘ಇನ್ನು ಮಾತ್ರೆಯೇ ಬೇಡ’ ಅಂತ ಯಾರಾದರೂ ಬರೆದುಕೊಟ್ಟರೆ ನಂಬಬೇಡಿ. ‘ಎರಡು ವರ್ಷಕ್ಕೆ ಎಲ್ಲರಿಗೂ ವಾಪಸ್’ ಅನ್ನುವುದನ್ನೂ ನಂಬಬೇಡಿ. ಆಪರೇಷನ್ ಸಮಯದಲ್ಲಿ ಅನ್ನನಾಳಕ್ಕೆ ತೂತಾಗುವುದು, ಗುಲ್ಮದಿಂದ (ಸ್ಪ್ಲೀನ್) ರಕ್ತ ಹೋಗುವುದು, ಜಠರದ ನರಕ್ಕೆ ಪೆಟ್ಟಾಗುವುದು ಇವೆಲ್ಲ ಅಪರೂಪ. ಆದರೆ ಸಹಿ ಹಾಕುವ ಮುಂಚೆ ಕೇಳಿಸಿಕೊಂಡಿರಬೇಕು.

ಮೂಟೆ ವಿಷಯ. ವಪೆ ಬಟ್ಟೆಯಲ್ಲ, ಮಾಂಸ. ಉಸಿರಾಡಿದಾಗಲೆಲ್ಲ ಅಲುಗಾಡುವ ಮಾಂಸಕ್ಕೆ ಹೊಲಿಗೆ ಹಾಕಿರುತ್ತೇವೆ. ಗಲ್ಲಾಪೆಟ್ಟಿಗೆ ಹತ್ತಿರ ಕೂರುವುದಕ್ಕೆ ಎರಡು ವಾರ ಸಾಕು. ಬೈಕೂ ಆಗಲೇ, ಬ್ರೇಕ್ ಒತ್ತಿದರೆ ಹೊಟ್ಟೆ ನೋಯಬಾರದು. ಆರು ವಾರ ನಾಲ್ಕೈದು ಕೆ.ಜಿ.ಗಿಂತ ಜಾಸ್ತಿ ಎತ್ತಬೇಡಿ, ಅಂದರೆ ತುಂಬಿದ ಬಿಂದಿಗೆಯೂ ಇಲ್ಲ. ಮೂರು ತಿಂಗಳ ಮೇಲೆ ಮೆಲ್ಲಗೆ ಶುರು ಮಾಡಬಹುದು. 50 ಕೆ.ಜಿ. ಮೂಟೆಯನ್ನು ಒಬ್ಬರೇ ಎತ್ತುವುದು ಮಾತ್ರ ಇನ್ನು ಯಾವತ್ತೂ ಬೇಡ. ಇಬ್ಬರು ಹಿಡಿಯಿರಿ, ಇಲ್ಲವೇ ಒಂದು ತಳ್ಳುಗಾಡಿ ತೆಗೆದುಕೊಳ್ಳಿ. ಮತ್ತೆ ಹರ್ನಿಯಾ ಆಗಿ ಎರಡನೇ ಸಲ ಬಿಚ್ಚಬೇಕಾದರೆ ಎಲ್ಲ ಅಂಟಿಕೊಂಡಿರುತ್ತದೆ, ಮೊದಲನೆಯದರಷ್ಟು ಸಲೀಸಲ್ಲ.

ದಿನ ನೀವೇ ಆರಿಸಿಕೊಳ್ಳಬಹುದು ಅನ್ನುವುದು ತುರ್ತಿಲ್ಲದ ಆಪರೇಷನ್ನಿನ ಅನುಕೂಲ. ಡಿಸೆಂಬರಿನಲ್ಲಿ ಬೇಡ, ಹೊಸವರ್ಷದ ಕೇಕ್ ಗಲಾಟೆಯಲ್ಲಿ ನೀವು ಮನೆಯಲ್ಲಿ ಮಲಗುವವರಲ್ಲ. ಅಷ್ಟರೊಳಗೆ ಎರಡು ತಿಂಗಳ ಮಾತ್ರೆ, ಎರಡನೇ ಎಂಡೋಸ್ಕೋಪಿ, ಮ್ಯಾನೊಮೆಟ್ರಿ ಮುಗಿಸಿಕೊಳ್ಳಿ. ಎಲ್ಲ ಸರಿ ಇದ್ದರೆ ಜನವರಿ ಎರಡನೇ ವಾರ ಮಾಡಿಸಿಕೊಳ್ಳಿ. ಯುಗಾದಿ ಹೊತ್ತಿಗೆ ಒಬ್ಬಟ್ಟನ್ನು ಹಾಲಿನಲ್ಲಿ ನೆನೆಸಿ ಚೂರುಚೂರೇ ತಿನ್ನಬಹುದು. ಅವರೆಕಾಯಿ ಕಾಲದ ಕೊನೆಯ ಭಾಗ ಮಾತ್ರ ಈ ವರ್ಷ ನಿಮಗೆ ತಪ್ಪುತ್ತದೆ. ಅವರೆಕಾಳು ಸಾರು ಮುದ್ದೆಯನ್ನು ಆಪರೇಷನ್ನಿಗೆ ಮುಂಚೆಯೇ ಒಂದೆರಡು ಸಲ ಮಾಡಿಸಿಕೊಂಡುಬಿಡಿ, ರಾತ್ರಿ ಎಂಟರೊಳಗೆ.